ಡ್ರಾಯರಿನಲ್ಲಿಟ್ಟ ಚಮಚಗಳು

ಜೂನ್ 6

ಅತ್ತೆಯವರಿಗೆ ನಮಸ್ಕಾರ.

ಬಂದು ಸೇರಿದೆ. ಸುರಂಗದ ಬಾಯಿಯ ಪಕ್ಕದಲ್ಲೇ ತಗಡಿನ ಶೆಡ್ಡುಗಳಿವೆ, ಅದರಲ್ಲೊಂದು ನನ್ನದು. ಬೆಟ್ಟವನ್ನು ಎರಡು ಕಡೆಯಿಂದಲೂ ಕೊರೆಯುತ್ತಾ ಬರುತ್ತಿದ್ದಾರೆ. ಎರಡೂ ಬಾಯಿ ನಡುವೆ ಸರಿಯಾಗಿ ಬಂದು ಕೂಡುವಂತೆ ಅಳತೆ ನೋಡಿಕೊಳ್ಳುವುದು ನಮ್ಮ ಸರ್ವೆ ತಂಡದ ಕೆಲಸ. ಇಲ್ಲಿ ಫೋನ್ ಹಿಡಿಯುವುದಿಲ್ಲ. ವಾರಕ್ಕೊಮ್ಮೆ ಸಾಮಾನು ತರುವ ಲಾರಿಯಲ್ಲೇ ಕಾಗದಗಳೂ ಬರಬೇಕು, ಹೋಗಬೇಕು. ಹಾಗಾಗಿ ನಿಮ್ಮ ಸೊಸೆ ಇಷ್ಟು ವರ್ಷದಲ್ಲಿ ಮೊದಲ ಸಲ ನಿಮಗೆ ಕಾಗದ ಬರೆಯುತ್ತಿದ್ದಾಳೆ. ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಬೈದುಕೊಂಡೇ ಓದಿ.

ಹೊರಡುವ ಗಡಿಬಿಡಿಯಲ್ಲಿ ಹೇಳಬೇಕಾದ್ದನ್ನು ನೆಟ್ಟಗೆ ಹೇಳಲಾಗಲಿಲ್ಲ. ಇವರ ಬಿಪಿ ನೋಡಿ ಡಿಪೋದ ಡಾಕ್ಟರಮ್ಮ ಹೇಳಿದ್ದು ನಿಮಗೆ ನೆನಪಿರಬಹುದು. ಬಸ್ ಸ್ಟ್ಯಾಂಡಿನ ಕರಿದ ತಿಂಡಿ ಬಿಡಬೇಕು, ಉಪ್ಪು ಅರ್ಧಕ್ಕೆ ಇಳಿಯಬೇಕು, ಬೆಳಗಿನ ತಿಂಡಿ ಮನೆಯದ್ದೇ ಆಗಬೇಕು. ಸೆಪ್ಟೆಂಬರಿನ ತಪಾಸಣೆಯಲ್ಲೂ ಬಿಪಿ ಇಳಿದಿರದಿದ್ದರೆ ಸ್ಟೀರಿಂಗ್ ಮುಟ್ಟಲು ಬಿಡುವುದಿಲ್ಲವಂತೆ. ಬಸ್ ಓಡಿಸದಿದ್ದರೆ ನಿಮ್ಮ ಮಗ ಹೇಗಾಗುತ್ತಾರೆ ಎನ್ನುವುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ನಾನಿದ್ದಾಗ ಮಾಡಿದ್ದಾದರೂ ಏನು? ಒಂದು ಕೈಯಲ್ಲಿ ಶಾಲೆಗೆ ಹೊರಟ ಗುಬ್ಬಿಯ ಜಡೆ, ಇನ್ನೊಂದು ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಆ ಕಡೆ ಇವರು ಖಾಲಿ ಹೊಟ್ಟೆಯಲ್ಲೇ ಮೊದಲ ಬಸ್ಸಿಗೆ ಹೊರಡುತ್ತಿದ್ದರು. ನಿಮಗೆ ಹೇಳಿಕೊಡುವ ಯೋಗ್ಯತೆ ನನಗಿಲ್ಲ. ಆದರೂ ಅಡುಗೆಮನೆಯ ಮೇಲಿನ ಡ್ರಾಯರಿನಲ್ಲಿ ಅಳತೆಯ ಚಮಚಗಳ ಒಂದು ಗೊಂಚಲು ಇಟ್ಟು ಬಂದಿದ್ದೇನೆ. ಎಲ್ಲಕ್ಕಿಂತ ಚಿಕ್ಕದು ಉಪ್ಪಿಗೆ. ಬೇಕೆನಿಸಿದರೆ ಬಳಸಿ.

ಗುಬ್ಬಿಗೆ ನನ್ನ ಮುತ್ತು ಕೊಡಿ. ಬೇಡ ಅಂದರೂ ಹಿಡಿದುಕೊಂಡು ಕೊಡಿ.

ನಿಮ್ಮ ಸೊಸೆ


ಜೂನ್ 17

ಸೊಸೆಗೆ ಆಶೀರ್ವಾದ.

ಕೋಳಿ ಕೆದಕಿದ್ದನ್ನು ನಾನೂ ಗುಬ್ಬಿಯೂ ಸೇರಿ ಓದಿದೆವು. ಬೆಟ್ಟಕ್ಕೆ ತೂತು ಕೊರೆಯುವವಳಿಗೆ ಅಕ್ಷರ ದುಂಡಗೆ ಬರೆಯಲು ಪುರುಸೊತ್ತೆಲ್ಲಿ, ಬಿಡು.

ಇಷ್ಟು ವರ್ಷ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ತುಳಿದವಳಿಗೆ ಮನೆಯಲ್ಲಿ ಕೂತು ಗೋಡೆ ನೋಡುವುದು ಒಗ್ಗಿರಲಿಲ್ಲ. ಭಾನುವಾರ ಬಿಟ್ಟರೆ ಒಲೆಯ ಹತ್ತಿರ ನನಗೆ ಜಾಗವೇ ಇರಲಿಲ್ಲವಲ್ಲ. ಈಗ ಬೆಳಿಗ್ಗೆ ನಾನೇ ಯಜಮಾನಿ. ನಿನ್ನ ಗಂಡ ಹೊರಡುವಾಗ ಬೀದಿದೀಪ ಇನ್ನೂ ಆರಿರುವುದಿಲ್ಲ. ಅಷ್ಟರಲ್ಲಿ ಕಾಳು, ತರಕಾರಿ ಹಾಕಿದ ಗಂಜಿ ಒಂದು ಬಟ್ಟಲು ಅವನ ಹೊಟ್ಟೆಗೆ, ಇನ್ನೊಂದು ಬಟ್ಟಲು ಡಬ್ಬಿಗೆ. ಮೊದಲ ಟ್ರಿಪ್ ಮುಗಿಸಿ ಡಬ್ಬಿ ಬಿಚ್ಚುತ್ತಾನೆ. ಗುಬ್ಬಿಗೆ ಅದೇ ಗಂಜಿ ಸ್ವಲ್ಪ ಗಟ್ಟಿಯಾಗಿ, ಜೊತೆಗೆ ಬೇಯಿಸಿದ ಮೊಟ್ಟೆ, ಒಂದು ಹಣ್ಣು. ಎಣ್ಣೆ ಬಾಟಲಿಯನ್ನು ಕಪಾಟಿನ ಮೇಲೆ ಎತ್ತಿಟ್ಟಿದ್ದೇನೆ, ಸ್ಟೂಲ್ ಹಾಕದೆ ನನ್ನ ಕೈಗೂ ಸಿಗುವುದಿಲ್ಲ. ಡಬ್ಬಿ ದಿನಾ ತೊಳೆದಿಟ್ಟ ಹಾಗೆ ಖಾಲಿಯಾಗಿ ಬರುತ್ತದೆ.

ನಿನ್ನ ಚಮಚಗಳನ್ನೂ ನೋಡಿದೆ. ಆ ಚಿಕ್ಕದರಲ್ಲಿ ಇರುವೆಗೆ ಔಷಧಿ ಕುಡಿಸಬಹುದು. ಅವು ಡ್ರಾಯರಿನಲ್ಲೇ ಮಲಗಿರಲಿ. ನನ್ನ ಎರಡು ಬೆರಳು ಮದುವೆಯಾದ ದಿನದಿಂದ ಉಪ್ಪು ಅಳೆದಿವೆ. ಅಳೆಯದೆ ಗತಿಯಿರಲಿಲ್ಲ. ನಿನ್ನ ಮಾವನ ಕಾಲದಲ್ಲಿ ಉಪ್ಪು ಒಂದು ಹರಳು ಆಚೀಚೆಯಾದರೂ ತಟ್ಟೆ ನೆಲದ ಮೇಲಿರುತ್ತಿತ್ತು. ನಾನು ಬಳಿದು, ಒರೆಸಿ, ಮತ್ತೆ ಬಡಿಸಬೇಕಿತ್ತು. ಆ ಮನುಷ್ಯ ಹೋದ ಮೇಲೆ ನಮ್ಮ ಮೇಜಿನ ಮುಂದೆ ಕೂತು ಒಬ್ಬರೂ ಅಡುಗೆಗೆ ಹೆಸರಿಟ್ಟಿಲ್ಲ. ಹಾಕಿದ್ದನ್ನು ಮಗ ತಲೆ ತಗ್ಗಿಸಿ ತಿಂದು ಎದ್ದು ಹೋಗುತ್ತಾನೆ. ನನಗೆ ಅಷ್ಟೇ ಸಾಕು.

ಒಂದು ಮಾತು. ಈಚೆಗೆ ಬರುವ ಉಪ್ಪಿನಲ್ಲಿ ಸತ್ತ್ವವೇ ಇಲ್ಲ. ಅಂಗಡಿ ಬದಲಾಯಿಸಿ ತಂದೆ, ಅದೂ ಹಾಗೇ. ಉಪ್ಪಿಗೂ ಕಲಬೆರಕೆ ಮಾಡುವ ಕಾಲ ಬಂತು ನೋಡು.

ನಿನ್ನ ಅತ್ತೆ


ಜುಲೈ 9

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಗಂಜಿಯ ವರ್ಣನೆ ಓದುವಾಗ ನನ್ನ ಮುಂದೆ ಒಣ ಬ್ರೆಡ್ಡು, ಆರಿದ ಚಹಾ ಇತ್ತು. ಇಲ್ಲಿನ ಅಡುಗೆಯವನಿಗೆ ಬೇರೇನೂ ಬರುವುದಿಲ್ಲ, ಬರುತ್ತದೆಂದು ಅವನೂ ಹೇಳಿಲ್ಲ.

ನಿಮ್ಮ ಕಾಗದದ ಜೊತೆ ಗುಬ್ಬಿಯೂ ಒಂದು ಚೀಟಿ ಇಟ್ಟಿದ್ದಳು. ಶಾಲೆಯ ಸುದ್ದಿ, ಕಳೆದುಹೋದ ಛತ್ರಿಯ ಸುದ್ದಿ ಎಲ್ಲ ಆದ ಮೇಲೆ ಕೊನೆಗೆ "ಅಪ್ಪ ಒಂಟೆ ಥರ ನೀರು ಕುಡೀತಾರೆ, ಬೆಳಿಗ್ಗೆಗೇ ಒಂದು ಜಗ್ ಖಾಲಿ" ಎಂದು ಬರೆದಿದ್ದಾಳೆ. ಅದನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ತಪ್ಪು ತಿಳಿಯಬೇಡಿ. ನಿಮ್ಮ ಕೈಯ ಮೇಲೆ ನನಗೆ ಅನುಮಾನವಿಲ್ಲ. ಆದರೆ ಒಂದು ವಾರದ ಮಟ್ಟಿಗಾದರೂ ಆ ಚಿಕ್ಕ ಚಮಚದಲ್ಲಿ ಅಳೆದು ಹಾಕಿ ನೋಡುತ್ತೀರಾ? ಡಾಕ್ಟರಮ್ಮ ಹೇಳಿದ ಅಳತೆ ಅದು ಎನ್ನುವುದಕ್ಕಾಗಿ ಮಾತ್ರ ಕೇಳುತ್ತಿದ್ದೇನೆ. ಬೇರೆ ಏನೂ ಕಾರಣವಿಲ್ಲ.

ಈ ಕಾಗದವನ್ನು ಬರೆದು ಹರಿದು, ಮತ್ತೆ ಬರೆದಿದ್ದೇನೆ. ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ.

ನಿಮ್ಮ ಸೊಸೆ


ಜುಲೈ 25

ಸೊಸೆಗೆ,

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಸುಮ್ಮನೆ ಹೇಳಿಲ್ಲ. ಬೆಟ್ಟದ ಮೇಲೆ ಕೂತು ನನ್ನ ಒಲೆಯ ಮೇಲಿನ ಪಾತ್ರೆಯೊಳಗೆ ಇಣುಕುವ ದುರ್ಬೀನು ನಿನ್ನ ಹತ್ತಿರ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಗಂಡಸು ನೀರು ಕುಡಿದರೆ ತಪ್ಪೇ? ಎಂಜಿನ್ ಪಕ್ಕದಲ್ಲಿ ಕೂತು ದಿನವಿಡೀ ಬೇಯುವವನು ಕುಡಿಯದೆ ಇನ್ಯಾರು ಕುಡಿಯಬೇಕು? ನಾನು ಬೇಕಾದಷ್ಟು ರುಚಿ ನೋಡಿಯೇ ಇಳಿಸುತ್ತೇನೆ. ಒಮ್ಮೆ ಅಲ್ಲ, ಎರಡೆರಡು ಸಲ ನೋಡುತ್ತೇನೆ. ನನ್ನ ನಾಲಿಗೆಗಿಂತ ನಿನ್ನ ಚಮಚ ದೊಡ್ಡದಲ್ಲ.

ಕೆಳಗಿನ ಮನೆಯ ಔಷಧಿ ಅಂಗಡಿಯಮ್ಮನಿಗೂ ಒಂದು ಬಟ್ಟಲು ಕೊಟ್ಟು ಕಳಿಸಿದ್ದೆ. ಅರ್ಧಕ್ಕರ್ಧ ಹಾಗೇ ವಾಪಸು ಬಂತು. ಯಾರಿಗೂ ಹಸಿವಿರಲಿಲ್ಲವಂತೆ. ಪೊಟ್ಟಣದ ತಿಂಡಿ ತಿಂದು ನಾಲಿಗೆ ಕೆಡಿಸಿಕೊಂಡವರಿಗೆ ಮನೆಯ ಗಂಜಿ ಹೇಗೆ ರುಚಿಸಬೇಕು? ನೀನು ಬಾಲ್ಕನಿಯಲ್ಲಿ ನೆಟ್ಟಿದ್ದ ಹೂವಿನ ಗಿಡ ಮಾತ್ರ ಯಾಕೋ ಒಣಗುತ್ತಿದೆ. ನೀರು ಹಾಕುತ್ತಲೇ ಇದ್ದೇನೆ. ಅದರ ಹೊಣೆಯೂ ನನ್ನ ತಲೆಗೆ ಕಟ್ಟಬೇಡ.

ನಿನ್ನ ಗಂಡ, ಮಗಳು ಇಬ್ಬರೂ ಚೆನ್ನಾಗಿ ತಿನ್ನುತ್ತಿದ್ದಾರೆ. ಹೊಟ್ಟೆ ತುಂಬಿದವರೇ ಸುಮ್ಮನಿರುವಾಗ ನಿನಗೇಕೆ ಚಿಂತೆ?

ಅತ್ತೆ


ಸೆಪ್ಟೆಂಬರ್ 2

ಮಗಳೇ,

ನಿನ್ನ ಗಂಡ ಚೆನ್ನಾಗಿದ್ದಾನೆ. ಮೊದಲು ಅದನ್ನು ಓದಿಕೊಂಡು, ಆಮೇಲೆ ಮುಂದಿನದನ್ನು ಓದು. ಎಷ್ಟು ಸಲ ಪೆನ್ನು ಹಿಡಿದು ಕೆಳಗಿಟ್ಟೆನೋ ಲೆಕ್ಕವಿಲ್ಲ. ಬರೆಯಲು ನಾಚಿಕೆ, ಬರೆಯದಿರಲು ಭಯ.

ಹೋದ ಸೋಮವಾರ ಮೊದಲ ಟ್ರಿಪ್ ಮುಗಿಸಿ, ಬಸ್ಸನ್ನು ಡಿಪೋದಲ್ಲಿ ನಿಲ್ಲಿಸಿ ಇಳಿಯುವಾಗ ಅವನಿಗೆ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೇ ಕುಸಿದಿದ್ದಾನೆ. ಜನ ಇಳಿದು ಹೋಗಿದ್ದರು, ಅದೊಂದು ಪುಣ್ಯ. ಕಂಡಕ್ಟರ್ ಫೋನ್ ಮಾಡಿದ. ನಾನು ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿದೆ.

ಡಿಪೋದ ಆಸ್ಪತ್ರೆ ಎಂದರೆ ಒಂದು ಕೋಣೆ, ಒಂದು ಮಂಚ, ಮೂಲೆಯಲ್ಲಿ ಕೈತೊಳೆಯುವ ಬೇಸಿನ್. ಬಾಗಿಲ ತುಂಬ ಡ್ರೈವರುಗಳು, ಕಂಡಕ್ಟರುಗಳು. ಡಾಕ್ಟರಮ್ಮ ಅವನ ತೋಳಿಗೆ ಸುತ್ತಿದ ಪಟ್ಟಿ ಬಿಚ್ಚುತ್ತಾ, "ಏನಪ್ಪಾ, ಮತ್ತೆ ಸ್ಟ್ಯಾಂಡಿನ ತಿಂಡಿ ಶುರು ಮಾಡ್ಕೊಂಡ್ಯಾ?" ಎಂದು ಗದರಿಸಿದಳು. ಅವನು ಬಾಯಿ ಬಿಡಲಿಲ್ಲ. ನಾನೂ ಸುಮ್ಮನಿರಬಹುದಿತ್ತು. ನನ್ನ ಬಾಯಿ ಕೇಳಬೇಕಲ್ಲ.

"ಸ್ಟ್ಯಾಂಡಿನ ತಿಂಡಿನ ಅವ್ನು ಮುಟ್ಟೇ ಇಲ್ಲ ಡಾಕ್ಟ್ರೇ. ದಿನಾ ನಾನೇ ಎದ್ದು ಮಾಡಿ ಕಳಿಸ್ತೀನಿ. ಬೇಕಾದ್ರೆ ನೀವೇ ತಿಂದು ನೋಡಿ" ಎಂದೆ. ಮಂಚದ ಪಕ್ಕದಲ್ಲಿ ಅವನ ಡಬ್ಬಿ ಇತ್ತು. ಮುಚ್ಚಳ ತೆಗೆದು ಆಕೆಯ ಮುಂದೆ ಹಿಡಿದೆ. ಅವನು ಮಲಗಿದ್ದಲ್ಲಿಂದ ಅರ್ಧ ಎದ್ದು, "ಅಮ್ಮಾ, ಬೇಡ" ಎಂದ. ಸಂಕೋಚಕ್ಕೆ ಹೇಳುತ್ತಿದ್ದಾನೆ ಅಂದುಕೊಂಡೆ.

ಆಕೆ ಒಂದು ಚಮಚ ಬಾಯಿಗಿಟ್ಟಳು. ಹಾಗೇ ಎದ್ದು ಬೇಸಿನ್ನಿಗೆ ಹೋಗಿ ಉಗಿದಳು. ಬಾಯಿ ಮುಕ್ಕಳಿಸಿದಳು. ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಇದನ್ನ ನೀವು ರುಚಿ ನೋಡಿದ್ರಾ ಅಮ್ಮಾ?"

"ನೋಡ್ದೆ ಕಳಿಸ್ತೀನಾ? ಸಪ್ಪೆ ಅನ್ನಿಸ್ತು, ಇನ್ನೊಂದು ಚಿಟಿಕೆ ಹಾಕ್ದೆ."

ಡಾಕ್ಟರಮ್ಮ ಎಲ್ಲರನ್ನೂ ಕಳಿಸಿ ಬಾಗಿಲು ಹಾಕಿದಳು. ಎರಡು ಲೋಟದಲ್ಲಿ ನೀರು ತಂದು, ಒಂದೊಂದು ಗುಟುಕು ಬಾಯಿಗೆ ಹಾಕಿಕೊಂಡು ಉಗಿಯಲು ಹೇಳಿದಳು. ಎರಡೂ ಒಂದೇ ಥರ ಇತ್ತು, ಹಾಗೇ ಹೇಳಿದೆ. "ಒಂದರಲ್ಲಿ ಚಮಚ ತುಂಬ ಉಪ್ಪು ಹಾಕಿದ್ದೀನಮ್ಮಾ" ಎಂದಳು, ಮೆಲ್ಲಗೆ. ಗದರಿದ್ದರೆ ತಡೆದುಕೊಳ್ಳುತ್ತಿದ್ದೆ, ಆಕೆ ಮೆಲ್ಲಗೆ ಹೇಳಿದ್ದನ್ನು ತಡೆಯಲಾಗಲಿಲ್ಲ. ಹೋದ ವರ್ಷ ನನಗೆ ಬಂದ ಆ ದೊಡ್ಡ ಜ್ವರ ನಾಲಿಗೆಯ ರುಚಿಯನ್ನು ತೆಗೆದುಕೊಂಡು ಹೋಗಿದೆಯಂತೆ. ಕೆಲವರಿಗೆ ಹಾಗಾಗುತ್ತದಂತೆ. ನಾನು ಉಪ್ಪನ್ನು ಬೈದೆ, ಅಂಗಡಿಯವನನ್ನು ಬೈದೆ, ಔಷಧಿ ಅಂಗಡಿಯಮ್ಮನನ್ನೂ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಬಸ್ಸಿನಲ್ಲೇ ಮನೆಗೆ ಬಂದೆವು. ಅವನು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ. ಬೇರೆಯವರು ಓಡಿಸುವ ಬಸ್ಸಿನಲ್ಲಿ ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

"ಉಪ್ಪು ಜಾಸ್ತಿ ಅಂತ ಒಂದು ಮಾತು ಹೇಳೋಕೆ ನಿಂಗೇನೋ ಕಷ್ಟ ಆಗಿತ್ತು?" ಎಂದು ಕೇಳಿದೆ.

ಕಿಟಕಿ ಕಡೆ ಮುಖ ತಿರುಗಿಸಿದ. "ನೀನು ಬಗ್ಗಿ ನೆಲ ಬಳಿಯೋದನ್ನ ನೋಡಿದ್ದೀನಮ್ಮಾ. ಅಪ್ಪ ತಟ್ಟೆ ಎಸೆದಾಗೆಲ್ಲ ಹೆದರಿಕೊಂಡು ಮೇಜಿನ ಕೆಳಗೆ ಕೂರ್ತಿದ್ದೆ. ಈ ಬಾಯಿಂದ ನಿನ್ನ ಅಡುಗೆಗೆ ಯಾವತ್ತೂ ಹೆಸರಿಡಲ್ಲ ಅಂತ ಅವಾಗ್ಲೇ ಅಂದ್ಕೊಂಡಿದ್ದೆ. ನೀರು ಕುಡಿದ್ರೆ ಹೋಗುತ್ತಲ್ಲ, ಅಂತ..." ಎಂದ.

ಅವನು ಮೇಜಿನ ಕೆಳಗೆ ಕೂತು ನೋಡುತ್ತಿದ್ದುದು ನನಗೆ ಗೊತ್ತೇ ಇರಲಿಲ್ಲ. ಹೊರಗೆ ಆಡುತ್ತಿದ್ದಾನೆ ಅಂದುಕೊಳ್ಳುತ್ತಿದ್ದೆ.

ಗುಬ್ಬಿಯೂ ಅಳುತ್ತಾ ಬಾಯಿಬಿಟ್ಟಳು. ಅವಳ ಪಾಲಿನ ಗಂಜಿಯೆಲ್ಲ ನಿನ್ನ ಹೂವಿನ ಕುಂಡಕ್ಕೆ ಹೋಗುತ್ತಿತ್ತಂತೆ. "ಅಜ್ಜಿಗೆ ಹೇಳ್ಬೇಡ ಅಂತ ಅಪ್ಪ ಹೇಳಿದ್ರು" ಎಂದಳು. ಗಿಡ ಸತ್ತಿದ್ದು ಅದಕ್ಕೆ.

ಈಗ ಅವನನ್ನು ಬಸ್ ತೊಳೆಯುವ ಶೆಡ್ಡಿಗೆ ಹಾಕಿದ್ದಾರೆ. ನವೆಂಬರ್ ಕೊನೆಗೆ ಮತ್ತೊಮ್ಮೆ ನೋಡುತ್ತಾರೆ, ಅದೇ ಕೊನೆಯ ಅವಕಾಶ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಗಾದೆ. ನನ್ನ ಮಗನಿಗೆ ಎರಡೂ ಸೇರಿ ಕಣ್ಣು ಕತ್ತಲೆ ಬರಿಸಿದವು.

ನಿನ್ನ ಅತ್ತೆ


ಸೆಪ್ಟೆಂಬರ್ 13

ಅತ್ತೆಯವರಿಗೆ,

ಇವರ ಕಾಗದವೂ ನಿಮ್ಮ ಕಾಗದವೂ ಒಂದೇ ಲಾರಿಯಲ್ಲಿ ಬಂದವು. ಇವರು ಬರೆದದ್ದು ನಾಲ್ಕೇ ಸಾಲು, ಅದರಲ್ಲಿ ಮೂರು ಸಾಲು ನಿಮ್ಮ ಬಗ್ಗೆ. "ಅಮ್ಮ ಊಟದ ಮೇಜಿನ ಹತ್ರ ಬರ್ತಾ ಇಲ್ಲ" ಎಂದಿದ್ದಾರೆ.

ನೀವು ಕಾಗದದ ತುಂಬ ನಿಮ್ಮನ್ನೇ ಬೈದುಕೊಂಡಿದ್ದೀರಿ. ಅದನ್ನು ಓದಿ ಮುಗಿಸಿದ ಮೇಲೆ ನಾನು ತಲೆ ಎತ್ತಲಾರದೆ ಕೂತಿದ್ದೇನೆ. ಅತ್ತೆ, ನನಗೆ ಗೊತ್ತಿತ್ತು.

ನಿಮಗೆ ಜ್ವರ ಬಿಟ್ಟ ಮೇಲಿನ ಭಾನುವಾರಗಳಲ್ಲೇ ಗೊತ್ತಾಗಿತ್ತು. ಮೊದಲ ತುತ್ತಿಗೇ ನಾನೂ ಇವರೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ನೀವು ಒಳಗೆ ಹೋದ ತಕ್ಷಣ ನೀರಿನ ಜಗ್ಗಿಗೆ ಕೈ ಹಾಕುತ್ತಿದ್ದೆವು. ಒಂದು ಸಲ ಹೇಳಲು ಬಾಯಿ ತೆರೆದೆ. ಇವರು ಮೇಜಿನ ಕೆಳಗೆ ನನ್ನ ಕಾಲು ಒತ್ತಿದರು. ಯಾಕೆಂದು ಆಗ ನಾನು ಕೇಳಲಿಲ್ಲ, ಇವರೂ ಹೇಳಲಿಲ್ಲ. ವಾರಕ್ಕೊಂದು ದಿನದ ಮಾತು, ಸುಮ್ಮನೆ ಯಾಕೆ ನಿಷ್ಠುರ ಅಂದುಕೊಂಡು ಬಿಟ್ಟುಬಿಟ್ಟೆ. ಇಲ್ಲಿಗೆ ಹೊರಡುವಾಗ ದಿನಾ ಬೆಳಗಿನ ತಿಂಡಿ ನಿಮ್ಮ ಕೈಗೆ ಬರುತ್ತದೆ ಎಂದು ನೆನಪಾದಾಗ ಭಯವಾಯಿತು. ಆಗಲೂ ಹೇಳಲಿಲ್ಲ. ಬಾಯಲ್ಲಿ ಹೇಳುವುದನ್ನು ತಪ್ಪಿಸಿಕೊಳ್ಳಲು ಡ್ರಾಯರಿನಲ್ಲಿ ಚಮಚ ಇಟ್ಟು ಬಂದೆ. ಬೇರೆ ಏನೂ ಕಾರಣವಿಲ್ಲ ಎಂದು ಜುಲೈಯಲ್ಲಿ ಬರೆದಿದ್ದೆನಲ್ಲ, ಅದು ಸುಳ್ಳು.

ಇಲ್ಲಿ ಒಂದು ಅಳತೆ ಕೂದಲೆಳೆಯಷ್ಟು ತಪ್ಪಿದ್ದರೂ ಎಂಜಿನಿಯರರ ಮುಖ ನೋಡದೆ ಅಲ್ಲೇ ಕೂಗಿ ಹೇಳುತ್ತೇನೆ. ಅದಕ್ಕೇ ನನಗೆ ಸಂಬಳ. ಮನೆಯಲ್ಲಿ ಒಂದು ಮಾತು ಹೇಳಲಾಗದೆ, ನಾಲ್ಕು ಜನರ ಎದುರು ನಿಮ್ಮ ಡಬ್ಬಿಯ ಊಟವನ್ನು ಉಗಿಯುವ ಹಾಗೆ ಮಾಡಿದೆ. ಡಾಕ್ಟರಮ್ಮ ಉಗಿದದ್ದು ನಿಮ್ಮ ಮುಖಕ್ಕಲ್ಲ, ನನ್ನ ಮುಖಕ್ಕೆ.

ಕ್ಷಮಿಸಿ ಎಂದು ಕೇಳಲೂ ಮುಖವಿಲ್ಲ.

ನಿಮ್ಮ ಸೊಸೆ


ಅಕ್ಟೋಬರ್ 4

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬೇಕೆಂದೇ ಉತ್ತರ ಬರೆಯಲಿಲ್ಲ.

ನನ್ನ ನಾಲಿಗೆ ಹೋದದ್ದು ಯಾರ ತಪ್ಪೂ ಅಲ್ಲ. ಆದರೆ ನೀವು ಮೂರೂ ಜನ ಕೂಡಿಕೊಂಡು ಒಂದು ವರ್ಷ ನನ್ನನ್ನು ಏನೂ ತಿಳಿಯದವಳ ಹಾಗೆ ಆಡಿಸಿದಿರಿ. ನಾನು ಬೆನ್ನು ತಿರುಗಿಸಿದ ಕೂಡಲೇ ಜಗ್ಗು, ನಾನು ಒಳಗೆ ಹೋದ ಕೂಡಲೇ ಕುಂಡ. ನಾನು ಖಾಲಿ ಡಬ್ಬಿ ನೋಡಿ ಹಿಗ್ಗಿ ಹೀರೇಕಾಯಾಗುತ್ತಿದ್ದೆ. ನಿನ್ನ ಮಾವ ಕೆಟ್ಟವನು. ಆದರೆ ಅವನು ತಟ್ಟೆ ಎಸೆದಾಗ ಉಪ್ಪು ಹೆಚ್ಚಾಗಿದೆ ಅಂತಲಾದರೂ ನನಗೆ ಗೊತ್ತಾಗುತ್ತಿತ್ತು. ಇಂಥ ಮಾತನ್ನು ನನ್ನ ಕೈಯಿಂದ ಬರೆಸಿದಿರಲ್ಲ, ಅದಕ್ಕೇ ನನಗೆ ಹೊಟ್ಟೆ ಉರಿಯುತ್ತಿದೆ.

ಒಲೆಯ ಹತ್ತಿರ ಹೋಗುವುದನ್ನು ಬಿಟ್ಟಿದ್ದೇನೆ. ಯಾವ ಮುಖ ಹೊತ್ತುಕೊಂಡು ಹೋಗಲಿ? ಗುಬ್ಬಿ ಬೆಳಿಗ್ಗೆ ಬಿಸ್ಕತ್ತು ತಿನ್ನುತ್ತಾಳೆ. ನಿನ್ನ ಗಂಡ ಮತ್ತೆ ಸ್ಟ್ಯಾಂಡಿನ ಕಡೆ ಹೋಗುತ್ತಿರಬೇಕು, ಅಂಗಿಯಲ್ಲಿ ಎಣ್ಣೆಯ ಕಲೆ ಕಾಣಿಸುತ್ತದೆ. ಕೇಳಲಿಲ್ಲ. ಈ ಮನೆಯಲ್ಲಿ ಯಾರೂ ಯಾರಿಗೂ ಏನೂ ಹೇಳಬಾರದಲ್ಲ.

ಅತ್ತೆ


ಅಕ್ಟೋಬರ್ 15

ಅತ್ತೆಯವರಿಗೆ ನಮಸ್ಕಾರ.

ಬೈದಿರಿ. ನನಗೆ ಅದು ಬೇಕಿತ್ತು. ಬಂದ ಮೇಲೆ ಎದುರು ಕೂರಿಸಿಕೊಂಡು ಇನ್ನೂ ಬೈಯಿರಿ, ತಪ್ಪಿಸಿಕೊಳ್ಳುವುದಿಲ್ಲ.

ಆದರೆ ಈ ಸಲ ಡ್ರಾಯರಿನಲ್ಲಿ ಏನೂ ಇಡದೆ ನೇರವಾಗಿ ಹೇಳುತ್ತಿದ್ದೇನೆ. ನೀವು ಒಲೆ ಬಿಟ್ಟದ್ದು ತಪ್ಪು. ನಿಮ್ಮ ಗಂಜಿಯಲ್ಲಿ ಉಪ್ಪು ಬಿಟ್ಟರೆ ಬೇರೆ ದೋಷವಿರಲಿಲ್ಲ. ನವೆಂಬರ್ ಕೊನೆ ದೂರವಿಲ್ಲ, ಇವರು ಹೀಗೇ ಎಣ್ಣೆ ತಿಂಡಿ ತಿಂದುಕೊಂಡಿದ್ದರೆ ಜನ್ಮಪೂರ್ತಿ ಬಸ್ ತೊಳೆಯಬೇಕಾಗುತ್ತದೆ. ನಾನು ಡಿಸೆಂಬರಿಗೆ ಮೊದಲು ಬರಲಾರೆ. ನಿಮ್ಮ ನಾಚಿಕೆ, ನನ್ನ ನಾಚಿಕೆ ಎರಡಕ್ಕೂ ಆಮೇಲೆ ಬೇಕಾದಷ್ಟು ಸಮಯವಿದೆ. ಬೆಳಿಗ್ಗೆ ಎದ್ದು ಒಲೆ ಹಚ್ಚಿ.

ನಿಮ್ಮ ಸೊಸೆ


ನವೆಂಬರ್ 5

ಸೊಸೆಗೆ ಆಶೀರ್ವಾದ.

ಅತ್ತೆಗೆ ತಪ್ಪು ಎಂದು ಬರೆಯುವ ಧೈರ್ಯ ಕೊನೆಗೂ ಬಂತಲ್ಲ! ಸಿಟ್ಟು ಬಂತು. ಓದಿದ ದಿನ ಕಾಗದವನ್ನು ಮಡಚಿ ಬಿಸಾಕಿದೆ, ಮರುದಿನ ಹುಡುಕಿಕೊಂಡು ಹೋಗಿ ಎತ್ತಿಟ್ಟುಕೊಂಡೆ.

ಬೆಳಿಗ್ಗೆ ಅಡುಗೆಮನೆಗೆ ಹೋದರೆ ಗುಬ್ಬಿ ಆಗಲೇ ಸ್ಟೂಲಿನ ಮೇಲೆ ನಿಂತಿದ್ದಳು. ನೀನು ಅವಳಿಗೂ ಏನೋ ಬರೆದಿದ್ದೀಯಲ್ಲ. "ಅಜ್ಜೀ, ನೀನು ಮಾಡು, ನಾನು ರುಚಿ ನೋಡ್ತೀನಿ. ನಾಲಿಗೆ ನಂದು, ಕೈ ನಿಂದು" ಎಂದಳು. ಮೊಮ್ಮಗಳ ಎದುರು ಒಂದು ಚಿಟಿಕೆ ಉಪ್ಪು ಹಿಡಿದುಕೊಂಡು ನಿಂತೆ. ಹಾಕಲು ಕೈ ಬರಲಿಲ್ಲ. ನನ್ನ ಬೆರಳ ಮೇಲೆ ನನಗೇ ನಂಬಿಕೆಯಿಲ್ಲದ ಆ ಗಳಿಗೆಯನ್ನು ಹೇಗೆ ಹೇಳಲಿ? ಕೊನೆಗೆ ಡ್ರಾಯರ್ ಎಳೆದು ನಿನ್ನ ಗೊಂಚಲು ತೆಗೆದೆ. ಇರುವೆಗೆ ಔಷಧಿ ಕುಡಿಸುವ ಆ ಚಮಚವನ್ನೇ ಬಳಸಿದೆ. ಗುಬ್ಬಿ ರುಚಿ ನೋಡಿ, ಕಣ್ಣು ಮುಚ್ಚಿ, ದೊಡ್ಡ ಪಂಡಿತೆಯ ಹಾಗೆ ತಲೆಯಾಡಿಸಿದಳು. ಅವಳ ಬಟ್ಟಲು ಖಾಲಿಯಾಗುವವರೆಗೂ ನಾನು ಕುಂಡವನ್ನು ಕಾಯುತ್ತಿದ್ದೆ.

ಹಸಿ ಶುಂಠಿ, ನಿಂಬೆಹಣ್ಣು ಹಿಂಡಿದರೆ ಉಪ್ಪು ಕಡಿಮೆಯಾದದ್ದು ಅಷ್ಟು ತಿಳಿಯುವುದಿಲ್ಲ ಎಂದು ಔಷಧಿ ಅಂಗಡಿಯಮ್ಮ ಹೇಳಿದಳು. ಅವಳ ಮನೆ ಬಾಗಿಲಿಗೆ ಹೋಗಿ ಬಟ್ಟಲಿನ ವಿಷಯಕ್ಕೆ ತಪ್ಪಾಯಿತು ಎಂದೆ. "ಅಯ್ಯೋ, ನಾನೇ ಹೇಳ್ಬೇಕಿತ್ತು, ನೀವು ಬೇಜಾರು ಮಾಡ್ಕೋತೀರೇನೋ ಅಂತ..." ಎಂದು ಅವಳೂ ತಲೆ ತಗ್ಗಿಸಿದಳು. ಊರಿಗೆ ಊರೇ ನನಗೆ ಬೇಜಾರಾಗಬಾರದೆಂದು ಉಪ್ಪುನೀರು ಕುಡಿದಿದೆ ನೋಡು.

ಮನೆಯಲ್ಲಿ ಈಗ ಹೊಸ ಕಟ್ಟುಪಾಡು ಮಾಡಿದ್ದೇನೆ. ತಿಂಡಿಯಲ್ಲಿ ಒಂದು ತಪ್ಪು ಹೇಳದೆ ಯಾರೂ ಮೇಜಿನಿಂದ ಏಳುವಂತಿಲ್ಲ. ಗುಬ್ಬಿಗೆ ಹಬ್ಬ. ಕ್ಯಾರೆಟ್ ಹೆಚ್ಚಿದ್ದು ದಪ್ಪವಾಯಿತು, ಮೊಟ್ಟೆಯ ಸಿಪ್ಪೆ ಉಳಿದಿದೆ, ಬಟ್ಟಲೇ ಚೆನ್ನಾಗಿಲ್ಲ. ನಿನ್ನ ಗಂಡನಿಗೆ ಮಾತ್ರ ಬಾಯಿ ಬರುವುದಿಲ್ಲ. ಶೆಡ್ಡಿನ ಕೆಲಸಕ್ಕೆ ತಡವಾಗಿ ಹೋದರೆ ಸಾಕಾದ್ದರಿಂದ ಈಗ ನಮ್ಮ ಜೊತೆಯೇ ಕೂತು ತಿನ್ನುತ್ತಾನೆ. ದಿನಾ ಕೇಳುತ್ತೇನೆ. ದಿನಾ "ಚೆನ್ನಾಗಿದೆ ಅಮ್ಮಾ" ಎಂದು ತಟ್ಟೆ ನೋಡುತ್ತಾನೆ. ಆ ಮಾತು ಕೇಳಿದಾಗಲೆಲ್ಲ ನನಗೆ ಡಿಪೋದ ಬೇಸಿನ್ ನೆನಪಾಗುತ್ತದೆ. ಬಿಪಿ ಇಳಿದರೂ ಅವನ ಬಾಯಿಂದ ನಿಜ ಬರದಿದ್ದರೆ, ನಾಳೆ ನಾನು ಇನ್ನೇನು ಕೆಡಿಸಿದರೂ ಹೀಗೇ ತಿಂದು ಎದ್ದು ಹೋಗುತ್ತಾನಲ್ಲ ಎಂಬ ಹೆದರಿಕೆ.

ನಿನ್ನ ಅತ್ತೆ


ನವೆಂಬರ್ 29

ಮಗಳೇ,

ಮೊದಲು ನಿನಗೆ ಬೇಕಾದ ಸುದ್ದಿ. ನಿನ್ನೆ ತಪಾಸಣೆ ಆಯಿತು. ಬಿಪಿ ಇಳಿದಿದೆ. ಡಾಕ್ಟರಮ್ಮ ಎರಡು ಸಲ ನೋಡಿ ಸಹಿ ಹಾಕಿದಳು. ಸೋಮವಾರದಿಂದ ಅವನಿಗೆ ಮೊದಲ ಬಸ್ಸು ವಾಪಸು. ನಾನು ಬಾಗಿಲ ಹೊರಗೇ ನಿಂತಿದ್ದೆ, ಒಳಗೆ ಹೋಗಲು ನಾಚಿಕೆ. ಆಕೆಯೇ ಕರೆದು, "ಡಬ್ಬಿ ತಂದಿಲ್ವಾ ಅಮ್ಮಾ?" ಎಂದಳು. ನಗಿಸಲು ಕೇಳಿದ್ದು, ನನಗೆ ನಗು ಬರಲಿಲ್ಲ. ಬ್ಯಾಗಿನಲ್ಲಿ ಡಬ್ಬಿ ಇತ್ತು. ತೆಗೆಯಲಿಲ್ಲ.

ಈಗ ನನಗೆ ಬೇಕಾದ ಸುದ್ದಿ ಹೇಳುತ್ತೇನೆ. ಅದು ಇವತ್ತು ಬೆಳಗಿನದು.

ಗುಬ್ಬಿಗೆ ಶೀತವಾಗಿತ್ತು, ಇನ್ನೂ ಮಲಗಿದ್ದಳು. ನಾನೊಬ್ಬಳೇ ಮಾಡಿದೆ. ಚಮಚದಲ್ಲಿ ಅಳೆದೇ ಹಾಕಿದೆ, ಆದರೆ ತಲೆಯಲ್ಲಿ ಸೋಮವಾರದ ಯೋಚನೆ ತುಂಬಿತ್ತು. ಹಾಕಿದ್ದನ್ನು ಮರೆತು ಇನ್ನೊಮ್ಮೆ ಹಾಕಿದೆನೋ, ಕಾಳು ಬೇಯಿಸುವಾಗಲೇ ಹಾಕಿದ್ದೆನೋ ಗೊತ್ತಿಲ್ಲ. ರುಚಿ ನೋಡಿದರೆ ನನಗೇನು ತಿಳಿಯಬೇಕು, ಬಡಿಸಿ ಅವನ ಎದುರು ಕೂತೆ.

ಅವನು ಒಂದು ತುತ್ತು ಬಾಯಿಗಿಟ್ಟ. ಕೈ ನಿಂತಿತು. ನನ್ನ ಕಡೆ ನೋಡಿದ. ತಟ್ಟೆಯನ್ನು ಬೆರಳಿನಿಂದ ಸ್ವಲ್ಪ ಆಚೆ ತಳ್ಳಿದ, ಥೇಟ್ ಅವರಪ್ಪನ ಹಾಗೆ.

"ಅಮ್ಮಾ, ಉಪ್ಪು ಜಾಸ್ತಿಯಾಗಿದೆ" ಎಂದ.

ಎಷ್ಟು ವರ್ಷದ ಅಭ್ಯಾಸವೋ ಏನೋ, ನನ್ನ ಕೈ ತಾನಾಗಿ ಒರೆಸುವ ಬಟ್ಟೆಯ ಕಡೆ ಹೋಯಿತು. ಅವನು ಅದನ್ನು ನೋಡಿದ. ಬೇಗ ಎದ್ದು, ಆ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಲೆಯ ಹತ್ತಿರ ಹೋದ. ಗಂಜಿಯನ್ನು ಪಾತ್ರೆಗೆ ವಾಪಸು ಸುರಿದು, ಬಿಸಿನೀರು ಹಾಕಿ, ಬೇಯಿಸಿದ ತರಕಾರಿ ಇನ್ನಷ್ಟು ಹಾಕಿ ಕಲಸಿದ. ಸೌಟು ಹಿಡಿಯಲು ಬರುವುದಿಲ್ಲ, ಅರ್ಧ ಒಲೆಯ ಮೇಲೆ ಚೆಲ್ಲಿದ. ರುಚಿ ನೋಡಿದ. "ಈಗ ಸರಿಯಾಯ್ತು" ಎಂದು ನನಗೂ ಒಂದು ಬಟ್ಟಲು ಹಾಕಿಕೊಟ್ಟ. ಇಬ್ಬರೂ ಕೂತು ತಿಂದೆವು. ಅವನು ಅಳುತ್ತಿದ್ದ, ನಾನೂ ಅಳುತ್ತಿದ್ದೆ. ಗಂಜಿ ಹೇಗಿತ್ತೋ ನನಗಂತೂ ತಿಳಿಯಲಿಲ್ಲ, ಅವನು ಎರಡು ಬಟ್ಟಲು ತಿಂದ.

ಈ ಮೇಜಿನ ಮುಂದೆ ಆ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಕೇಳಿದ ಮೇಲೂ ನಾನು ಕುರ್ಚಿಯಲ್ಲೇ ಕೂತಿದ್ದದ್ದು ಇವತ್ತೇ ಮೊದಲು.

ಡಿಸೆಂಬರಿನಲ್ಲಿ ನೀನು ಬರುವ ದಿನ ಬೆಳಗಿನ ತಿಂಡಿಗೆ ಕಾಯುತ್ತಿರುತ್ತೇವೆ. ಕುಂಡಕ್ಕೆ ಹೊಸ ಗಿಡ ತಾ. ಈ ಮನೆಯ ಕಟ್ಟುಪಾಡು ನಿನಗೂ ಸೇರಿದ್ದು ಎನ್ನುವುದನ್ನು ಮರೆಯಬೇಡ. ನನ್ನ ಅಡುಗೆಯಲ್ಲಿ ಒಂದು ತಪ್ಪು ಹುಡುಕು. ಹುಡುಕಿದ್ದನ್ನು ಡ್ರಾಯರಿನಲ್ಲಿ ಇಡಬೇಡ, ನನ್ನ ಮುಖ ನೋಡಿ ಹೇಳು.

ನಿನ್ನ ಅತ್ತೆ